ದಂಡಿನ ರಾತ್ರಿಗಳು

ಶುಕ್ರವಾರ ಸಂಜೆ ಏಳರ ಮೇಲೆ ಬ್ರಿಗೇಡ್ ರೋಡ್, ಚರ್ಚ್ ಸ್ಟ್ರೀಟ್ ಕಡೆ ಕಾಲಿಡೋಕೆ ಜಾಗ ಇರಲ್ಲ. ಲ್ಯಾಪ್‌ಟಾಪ್ ಬ್ಯಾಗ್ ಹೆಗಲಲ್ಲಿ ಇಟ್ಟುಕೊಂಡೇ ಪಬ್ ಮೆಟ್ಟಿಲು ಹತ್ತುವವರು, ಕ್ಯಾಬ್‌ಗೆ ಕಾಯುವವರು, ಸುಮ್ಮನೆ ಸುತ್ತಾಡುವವರು. ಆ ಗುಂಪಲ್ಲಿ ಒಬ್ಬರಾದರೂ ಹೇಳ್ತಾರೆ: "ಇದೆಲ್ಲ ಐಟಿ ಬಂದ್ಮೇಲೆ ಶುರುವಾಗಿದ್ದು. ಇಲ್ಲಿ ಕನ್ನಡಾನೇ ನಡೆಯಲ್ಲ, ಇದು ನಮ್ಮ ಬೆಂಗಳೂರೇ ಅಲ್ಲ."

ಐಟಿಯ ಮೇಲೆ ಹೊರಿಸುವ ಮೊದಲು ಒಂದು ಹಳೆಯ ಪದ ನೆನಪಿಸಿಕೊಳ್ಳೋಣ. ಪೇಟೆಯ ಹಿರಿಯರು ಈ ಕಡೆಯನ್ನು ಕರೀತಿದ್ದದ್ದು 'ದಂಡು' ಅಂತ. ದಂಡು ಅಂದ್ರೆ ಸೈನ್ಯ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ಸಿಪಾಯಿಗಳನ್ನು ಹಣ್ಣು ಮಾಡಿತು. 1809ರ ಹೊತ್ತಿಗೆ ಪಡೆ ಬೆಂಗಳೂರಿಗೆ ಬಂತು. ಕೆಂಪೇಗೌಡರ ಪೇಟೆಯೊಳಗಲ್ಲ, ಅದರ ಪೂರ್ವಕ್ಕೆ, ಹಲಸೂರಿನ ಕಡೆಗೆ. ಕವಾಯತು ಮೈದಾನದ ದಕ್ಷಿಣಕ್ಕಿದ್ದ ರಸ್ತೆ ಸೌತ್ ಪರೇಡ್. ಅದೇ ಇವತ್ತಿನ ಎಂ.ಜಿ. ರೋಡ್. ಬ್ರಿಗೇಡ್, ಇನ್‌ಫೆಂಟ್ರಿ ಅನ್ನೋ ಹೆಸರುಗಳೂ ಪಡೆಯವೇ. ಚರ್ಚ್ ಸ್ಟ್ರೀಟ್ ಹತ್ತಿರದ ಸೇಂಟ್ ಮಾರ್ಕ್ಸ್ ಚರ್ಚ್ ಕೂಡ ಈ ಪಡೆಯವರಿಗಾಗಿ ಕಟ್ಟಿದ್ದೇ.

ಬೆಳಿಗ್ಗೆ ಕವಾಯತು ಮುಗಿಸಿದ, ಊರು ಬಿಟ್ಟು ಬಂದ ಸಾವಿರಾರು ಗಂಡಸರು ಸಂಜೆ ಏನು ಮಾಡಬೇಕು? ಇಲ್ಲಿನ ರಾತ್ರಿಬದುಕು ಹುಟ್ಟಿದ್ದು ಈ ಪ್ರಶ್ನೆಯಿಂದ. ಅಧಿಕಾರಿಗಳಿಗೆ 1868ರಲ್ಲಿ ಯುನೈಟೆಡ್ ಸರ್ವಿಸ್ ಕ್ಲಬ್ ಶುರುವಾಯ್ತು, ಅದೇ ಈಗಿನ ಬೆಂಗಳೂರು ಕ್ಲಬ್. 1896ರಲ್ಲಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಅದಕ್ಕೆ 13 ರೂಪಾಯಿ ಬಾಕಿ ಇಟ್ಟು ಹೋದದ್ದು ಲೆಜರ್‌ನಲ್ಲಿ ಈಗಲೂ ಇದೆ. ಭಾರತೀಯರಿಗೆ ಮಾತ್ರ ಅಲ್ಲಿ ಬಹುಕಾಲ ಸದಸ್ಯತ್ವವೇ ಇರಲಿಲ್ಲ. ಪಡೆಗಳಿಗೆ ಬೇಕಾದ ಬಿಯರ್ ಎತ್ತಿನ ಗಾಡಿಗಳಲ್ಲಿ ಬರ್ತಿತ್ತು. 1915ರಲ್ಲಿ ದಕ್ಷಿಣದ ಹಲವು ಬ್ರೂವರಿಗಳನ್ನು ಥಾಮಸ್ ಲೀಶ್ಮನ್ ಒಂದುಗೂಡಿಸಿದ. ಅದೇ ಯುನೈಟೆಡ್ ಬ್ರೂವರೀಸ್. 1980ರ ದಶಕದಲ್ಲಿ ಇಲ್ಲಿ ಪಬ್‌ಗಳು ತಲೆ ಎತ್ತಿ 'ಪಬ್ ಸಿಟಿ' ಅಂತ ಹೆಸರು ಬಂದಾಗ, ಐಟಿ ಅಲೆ ಇನ್ನೂ ದೂರ ಇತ್ತು.

ಇನ್ನು ಭಾಷೆಯ ವಿಷಯ. 'ಇದು ನಮ್ಮ ಊರಲ್ಲ' ಅನ್ನೋ ಕಸಿವಿಸಿ ಬರೀ ಭ್ರಮೆಯಲ್ಲ. ಒಂದು ಕಾಲಕ್ಕೆ ಇಲ್ಲಿ ನಿಜವಾಗಿಯೂ ಗಡಿ ಇತ್ತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆ ಆಯ್ತು. 1864ರಲ್ಲಿ ರೈಲು ಬಂದದ್ದೂ ಮೊದಲು ದಂಡಿಗೇ. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದರು, ದಂಡನ್ನು ಮಾತ್ರ ಕೈಲೇ ಇಟ್ಟುಕೊಂಡರು. ಅಂದ್ರೆ ಚಿಕ್ಕಪೇಟೆಯಲ್ಲಿ ಮಹಾರಾಜರ ಆಡಳಿತ, ಬ್ರಿಗೇಡ್ ರೋಡಿನಲ್ಲಿ ರೆಸಿಡೆಂಟನ ಆಡಳಿತ! ಎರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಪಡೆ ಮದ್ರಾಸಿನದ್ದು, ಹಾಗಾಗಿ ಅದರ ಜೊತೆ ಬಂದ ವ್ಯಾಪಾರಿಗಳು, ಗುತ್ತಿಗೆದಾರರು, ಅಡುಗೆಯವರು ಹೆಚ್ಚಾಗಿ ತಮಿಳರು. ಉರ್ದು ಮಾತಾಡುವವರೂ, ಆಂಗ್ಲೋ-ಇಂಡಿಯನ್ನರೂ ಇದ್ದರು.

ಹಾಗಂತ ಇದು ಬರೀ ದೊರೆಗಳ ಊರೂ ಅಲ್ಲ. ಕ್ಲಬ್ಬಿನಲ್ಲಿ ಗ್ಲಾಸು ತುಂಬಿದವರು, ಕುದುರೆ ಮೈ ತೊಳೆದವರು, ಬಟ್ಟೆ ಒಗೆದವರು ಯಾರು? ಹತ್ತಿರದ ಬ್ಲ್ಯಾಕ್‌ಪಲ್ಲಿಯಂಥ, ಅಂದ್ರೆ ಈಗಿನ ಶಿವಾಜಿನಗರದಂಥ ಗಲ್ಲಿಗಳಲ್ಲಿ ಇದ್ದವರು. ಯಾರಿಗಾಗಿ ರಾತ್ರಿ ಬೆಳಗುತ್ತಿತ್ತೋ ಅವರು ಹಡಗು ಹತ್ತಿ ಹೋದರು, ಬೆಳಗಿಸಿದವರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಅವರನ್ನು 'ಹೊರಗಿನವರು' ಅಂತ ಕರೆದರೆ ಹಳೆಯ ಗಡಿಯನ್ನು ನಾವೇ ಮತ್ತೆ ಗೀಚಿದ ಹಾಗೆ. ಇಲ್ಲಿ ಕನ್ನಡ ಬೆಳೀಬೇಕು ಅನ್ನೋದು ನ್ಯಾಯವೇ. ಆದ್ರೆ ಆರ್ಡರ್ ಕೊಡುವಾಗ ಮೊದಲು ನಾವು ಕನ್ನಡದಲ್ಲಿ ಮಾತು ಶುರು ಮಾಡ್ತೀವಾ, ಅದನ್ನೂ ಕೇಳಿಕೊಳ್ಳೋಣ.

ಮುಂದಿನ ಸಲ ಹೋಗುವಾಗ ನೇರ ಪಬ್ಬಿನ ಮುಂದೆ ಇಳೀಬೇಡಿ. ಅವೆನ್ಯೂ ರೋಡಿನಿಂದ ಹೊರಟು, ಕಬ್ಬನ್ ಪಾರ್ಕ್ ದಾಟಿ, ಸಂಜೆ ಬೆಳಕಿರುವಾಗಲೇ ಚರ್ಚ್ ಸ್ಟ್ರೀಟ್‌ಗೆ ನಡೆದು ಬನ್ನಿ. ಒಂದು ಗಂಟೆಯೊಳಗೆ ತಲುಪಬಹುದು. ಒಂದು ಕಾಲಕ್ಕೆ ಅದು ಒಂದು ಆಡಳಿತದಿಂದ ಇನ್ನೊಂದಕ್ಕೆ ಹೋಗುವ ದಾರಿಯಾಗಿತ್ತು.