ಪಾಪಿಯ ಎರಡು ಕುಲ

ದೆಹಲಿಯ ನರ್ಸರಿಗಳಲ್ಲಿ ಅಕ್ಟೋಬರ್ ಬಂತೆಂದರೆ ಮಾಲಿಗಳು ‘ಪಾಪಿ, ಪಾಪಿ’ ಅಂತ ಬೀಜದ ಪೊಟ್ಟಣ ಮುಂದೆ ಹಿಡೀತಾರೆ. ಕನ್ನಡದ ಕಿವಿಗೆ ಅದು ಬೈಗುಳ. ಹೂವು ಮಾತ್ರ ನಮ್ಮ ಅಡಿಗೆಮನೆಯ ಗಸಗಸೆಗೆ ಹತ್ತಿರದ ನೆಂಟ. ಊರಲ್ಲಿದ್ದಷ್ಟು ಕಾಲ ಗಸಗಸೆ ಅಂದರೆ ನನಗೆ ಹಬ್ಬದ ಪಾಯಸ, ಉಂಡ ಮೇಲೆ ಗಡದ್ದಾದ ನಿದ್ದೆ, ಅಷ್ಟೇ. ಅದಕ್ಕೊಂದು ಗಿಡ ಇದೆ, ಆ ಗಿಡದ ಹಿಂದೆ ಒಂದು ಸರ್ಕಾರವೇ ಇದೆ ಅನ್ನೋದು ತಿಳಿದದ್ದು ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ.

ಮಧ್ಯಪ್ರದೇಶದ ಮಂದಸೌರ್ ಕಡೆಯ ಶಾಖೆಯೊಂದರಲ್ಲಿ ಮೂರು ವರ್ಷ ಇದ್ದೆ. ಫೆಬ್ರವರಿಯಲ್ಲಿ ಹೊಲದ ತುಂಬ ಬಿಳಿ ಹೂವು. ದಳ ಉದುರಿ ಕಾಯಿ ದಪ್ಪಗಾದ ಮೇಲೆ, ಮಧ್ಯಾಹ್ನ ಸಣ್ಣ ಅಲಗಿನಿಂದ ಅದಕ್ಕೆ ಗೀರು ಹಾಕೋರು. ರಾತ್ರಿ ಒಸರಿದ ಹಾಲು ಬೆಳಗಾಗುವಷ್ಟರಲ್ಲಿ ಕಂದು ಮೇಣವಾಗಿರುತ್ತಿತ್ತು. ಅದನ್ನು ಕೆರೆದು ತೆಗೆಯೋರು. ಅದೇ ಅಫೀಮು. ಲೈಸೆನ್ಸುದಾರ ರೈತ ಅದನ್ನೆಲ್ಲ ಸರ್ಕಾರದ ತಕ್ಕಡಿಗೇ ಒಪ್ಪಿಸಬೇಕು. ಕಾಯೊಳಗಿನ ಬೀಜ ಮಾತ್ರ ಅವನದು. ಮಂಡಿಯಿಂದ ಮಂಡಿಗೆ ಹೋಗಿ ನಮ್ಮ ಪಾಯಸಕ್ಕೆ ಬರೋದು ಅದೇ ಬೀಜ. (ಈಚೆಗೆ ಗೀರು ಹಾಕದೆ ಬೆಳೆಯುವ ಲೈಸೆನ್ಸೂ ಬಂದಿದೆ.)

ಈ ಲೆಕ್ಕಾಚಾರ ಕಂಪನಿ ಕಾಲದ್ದು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನು ಸರ್ಕಾರದ ಏಕಸ್ವಾಮ್ಯ ಮಾಡಿದ. 1820ರಲ್ಲಿ ಗಾಜಿಪುರದ ಕಾರ್ಖಾನೆ ಬಂತು. ರೈತನಿಗೆ ಮುಂಗಡ ಕೊಡುವುದು, ತಾನೇ ಗೊತ್ತುಮಾಡಿದ ದರಕ್ಕೆ ಮಾಲು ಎತ್ತುವುದು. ಬ್ಯಾಂಕಿನವನಾಗಿ ಹೇಳ್ತೀನಿ, ಅದು ಸಾಲವಲ್ಲ, ಮೂಗುದಾರ. ಕಲ್ಕತ್ತೆಯಲ್ಲಿ ಹರಾಜಾದ ಮಾಲು ಚೀನಾಕ್ಕೆ ಹೋಯಿತು. ಅಲ್ಲಿ 1839ರಿಂದ 1842ರವರೆಗೆ ಯುದ್ಧವೇ ನಡೆಯಿತು. ಮಾಳವದ ಬೆಳೆ ಸಿಂಧಿಯಾ, ಹೋಳ್ಕರರ ಸಂಸ್ಥಾನಗಳಲ್ಲಿತ್ತು. ಅದರ ಮೇಲೆ ಕಂಪನಿಗೆ ನೇರ ಹಿಡಿತವಿಲ್ಲ. ಮುಂಬಯಿ ಬಂದರಿಗೆ ಹೋಗೋ ಮಾಲಿನ ಮೇಲೆ ಪಾಸಿನ ಶುಲ್ಕ ವಸೂಲಿ ಮಾಡಿ ಸುಮ್ಮನಾಯಿತು. 1857 ಮತ್ತು 1878ರ ಅಫೀಮು ಕಾಯಿದೆಗಳು ಸ್ವಾತಂತ್ರ್ಯದ ಮೇಲೂ ಉಳಿದವು. ಅವುಗಳ ಜಾಗಕ್ಕೆ 1985ರಲ್ಲಿ ಬಂದದ್ದು ಎನ್‌ಡಿಪಿಎಸ್ ಕಾಯಿದೆ. ಲೈಸೆನ್ಸಿಲ್ಲದೆ ಅಫೀಮಿನ ಗಿಡ ಬೆಳೆದರೆ ಸಜೆ. ಅಲಂಕಾರಕ್ಕೆ ಅಂತ ರಿಯಾಯಿತಿ ಇಲ್ಲ.

ಹೀಗಾಗಿ, ಮೈಸೂರಿನಿಂದ ಬಂದ ತಂಗಿ ‘ಡಬ್ಬೀಲಿರೋ ಗಸಗಸೇನೇ ಕುಂಡಕ್ಕೆ ಉದುರಿಸೋಣ, ದುಡ್ಡು ಯಾಕೆ ದಂಡ’ ಅಂದಾಗ ಖಂಡಿತ ಬೇಡ ಅಂದೆ. ತಿನ್ನೋಕೆ ಅಡ್ಡಿಯಿಲ್ಲ, ಬಿತ್ತೋಕಿಲ್ಲ. ಅವಳಿಗೆ ಅದು ವಿಚಿತ್ರವಾಗಿ ಕಂಡಿತು. ವಿಚಿತ್ರವೇ.

ತೋಟದ ಪಾಪಿಯ ಕುಲ ಬೇರೆ. ಲಂಡನ್ನಿನ ದಕ್ಷಿಣಕ್ಕಿರುವ ಶರ್ಲಿಯ ಪಾದ್ರಿ ವಿಲಿಯಂ ವಿಲ್ಕ್ಸ್, 1880ರಲ್ಲಿ ತನ್ನ ತೋಟದ ಮೂಲೆಯ ಕಾಡು ಕೆಂಪು ಪಾಪಿಗಳ ನಡುವೆ ಬಿಳಿ ಅಂಚಿನ ಒಂದೇ ಒಂದು ಹೂ ಕಂಡ. ಅದರ ಬೀಜ ಮಾತ್ರ ಎತ್ತಿಟ್ಟು, ವರ್ಷವರ್ಷವೂ ಬೇಡದ್ದನ್ನು ಕಿತ್ತು, ನಡುವಿನ ಕರಿ ಮಚ್ಚೆ ಹೋಗುವವರೆಗೆ ಆರಿಸುತ್ತ ಹೋದ. ಗುಲಾಬಿ, ಬಿಳಿ, ಕೇಸರಿ ಛಾಯೆಯ ‘ಶರ್ಲಿ ಪಾಪಿ’ ಹುಟ್ಟಿದ್ದು ಹಾಗೆ. ಇದರಲ್ಲಿ ಮಾರ್ಫಿನ್ ಇಲ್ಲ, ಲೈಸೆನ್ಸೂ ಬೇಕಿಲ್ಲ. ಎಲೆ ನೋಡಿದರೆ ಗೊತ್ತಾಗುತ್ತದೆ: ಶರ್ಲಿಯದು ಸೀಳುಸೀಳು, ಮೈತುಂಬ ರೋಮ, ಅಫೀಮಿನದು ನುಣುಪು, ಬೂದಿ ಬಳಿದ ಹಸಿರು, ಕಾಂಡವನ್ನು ತಬ್ಬಿ ಕೂತಿರುತ್ತದೆ. ಪಿಯೋನಿ ಪಾಪಿ ಅಂತ ಮಾರೋ ಗೊಂಚಲುದಳದ ಹೂ ಅಫೀಮಿನ ಜಾತಿಯೇ. ಪೊಟ್ಟಣದ ಚಂದಕ್ಕೆ ಮರುಳಾಗಬೇಡಿ.

ಶರ್ಲಿಗೆ ಬೇಕಾದದ್ದು ದೆಹಲಿಯ ಚಳಿ. ಅಕ್ಟೋಬರ್ ಕೊನೆಗೆ ಬೀಜಕ್ಕೆ ನಾಲ್ಕುಪಟ್ಟು ಮರಳು ಬೆರೆಸಿ, ಹದಮಾಡಿದ ಪಾತಿಗೇ ಉದುರಿಸಬೇಕು. ಮೇಲೆ ಮಣ್ಣು ಮುಚ್ಚಬಾರದು, ನೀರು ಚಿಮುಕಿಸಿದರೆ ಸಾಕು. ತಾಯಿಬೇರು ನಾಜೂಕು, ಕಿತ್ತು ನೆಟ್ಟರೆ ಬಾಡುತ್ತೆ. ಒತ್ತಾದ ಸಸಿ ಕಿತ್ತು ಗೇಣು ಗೇಣು ದೂರಕ್ಕೊಂದು ಬಿಡಬೇಕು. ಈ ಕೆಲಸಕ್ಕೆ ನನ್ನ ಹೆಂಡತಿಗೆ ಮನಸ್ಸು ಬರೋದಿಲ್ಲ, ನಾನೇ ಮಾಡ್ತೀನಿ. ಡಿಸೆಂಬರ್, ಜನವರಿ ಪೂರ್ತಿ ಗಿಡ ನೆಲಕ್ಕಂಟಿಕೊಂಡು ಮುದುಡಿರುತ್ತೆ. ಫೆಬ್ರವರಿಯ ಬಿಸಿಲು ಬಿದ್ದದ್ದೇ ತಡ, ತಲೆತಗ್ಗಿಸಿದ ಮೊಗ್ಗು ನೆಟ್ಟಗೆ ನಿಂತು ಅರಳುತ್ತೆ. ಒಂದು ಹೂವಿನ ಆಯುಷ್ಯ ಎರಡು ದಿನ. ಏಪ್ರಿಲ್ ಬಿಸಿಗಾಳಿಗೆ ಎಲ್ಲ ಒಣಗಿ, ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತೆ. ಆಗ ಕಾಯಿ ಬಗ್ಗಿಸಿ, ಬೀಜವನ್ನು ಹಳೇ ಅಂಚೆ ಲಕೋಟೆಗೆ ಸುರಿದು, ವರ್ಷ ಬರೆದು ಇಡ್ತೀನಿ.