ಬೊಂಬೆಯ ಬೆಲೆ, ಹೆಸರಿನ ಬೆಲೆ

ಆದೋನಿ ಮಾರುಕಟ್ಟೆಗೆ ಹತ್ತಿ ತಂದವರಿಗೆ ಗೊತ್ತು: ಹತ್ತಿಯ ಮೇಲೆ ಬೆಳೆದವನ ಹೆಸರು ಇರುವುದಿಲ್ಲ. ಎಳೆಯ ಉದ್ದ, ತೇವ, ಕಸ ನೋಡಿ ದರ ಕಟ್ಟುತ್ತಾರೆ. ಕಡೆದ ಮರದ ಕಥೆ ಬೇರೆ. ಅಲ್ಲಿ ಹೆಸರೂ ತಕ್ಕಡಿಗೆ ಬೀಳುತ್ತದೆ.

ಚನ್ನಪಟ್ಟಣದ ಬೊಂಬೆಯನ್ನೇ ನೋಡಿ. ಹಗುರವಾದ ಹಾಲೆ ಮರವನ್ನು ಒಣಗಿಸಿ, ತಿರುಗಣಿಗೆ ಕೊಟ್ಟು ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಈ ಕಸುಬಿಗೆ ಟಿಪ್ಪು ಸುಲ್ತಾನನ ಆಶ್ರಯವಿತ್ತೆಂದು ಪ್ರತೀತಿ. 20ನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ರೀತಿಯನ್ನು ಇಲ್ಲಿಗೆ ತಂದರೆಂದು ಊರು ಇಂದಿಗೂ ನೆನೆಯುತ್ತದೆ. ಮೊದಲು ಹೊಸದನ್ನು ಮಾಡಿದವನಿಂದ ಇಡೀ ಊರಿಗೆ ಹೆಸರು ಬಂತು.

ನಮ್ಮ ಆಂಧ್ರದ ಏಟಿಕೊಪ್ಪಾಕದಲ್ಲಿಯೂ ಅದೇ ಮರ. ತೆಲುಗಿನವರು ಅಂಕುಡು ಎನ್ನುತ್ತಾರೆ. ಅಲ್ಲಿ ಸಿ. ವಿ. ರಾಜು ಅವರು ಗಿಡಮೂಲದ ಬಣ್ಣಗಳನ್ನು ಅರಗಿಗೆ ಬೆರೆಸುವ ದಾರಿ ಹಿಡಿದರು. ಮಗು ಬಾಯಿಗಿಟ್ಟರೂ ಭಯವಿಲ್ಲವೆಂಬ ನಂಬಿಕೆ ಬೆಳೆಯಿತು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಮೆರಿಕದ ಜೇಮ್ಸ್ ಪ್ರೆಸ್ಟಿನಿ 1933ರಿಂದ 1953ರವರೆಗೆ ತೆಳುವಾದ ಮರದ ಬಟ್ಟಲುಗಳನ್ನು ಕಡೆದರು. ಬಟ್ಟಲನ್ನು ಬಳಸುವ ಬದಲು ನೋಡಿ ಆನಂದಿಸಬಹುದು ಎಂದು ಮೊದಲು ತೋರಿಸಿದವರಲ್ಲಿ ಅವರೊಬ್ಬರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಕಲೆಯೆಂದು ಇರಿಸಿಕೊಂಡಿತು. ಮುಂದೆ ಅವರಿಗಿಂತ ನಯವಾಗಿ ಕಡೆದವರೂ ಬಂದಿರಬಹುದು. ಆದರೆ ಮೊದಲಿಗರ ಹೆಸರಿಗೆ ಇರುವ ಬೆಲೆ ಅನಂತರದವರಿಗೆ ಸುಲಭವಾಗಿ ಸಿಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಪ್ರೆಸ್ಟಿನಿಯ ಹೆಸರು ಒಬ್ಬನದು. ಚನ್ನಪಟ್ಟಣದ ಹೆಸರು ಎಲ್ಲರದೂ ಹೌದು, ಯಾರೊಬ್ಬರದೂ ಅಲ್ಲ. ಇನ್ನೆಲ್ಲೋ ಮಾಡಿದ ಅಗ್ಗದ ಬೊಂಬೆಯೂ ಆ ಹೆಸರನ್ನು ಕದಿಯಬಹುದು. ಇದನ್ನು ತಡೆಯಲೆಂದೇ 1999ರ ಭೌಗೋಳಿಕ ಸೂಚನೆ ಕಾಯಿದೆ ಬಂತು. ಅದರಡಿ ಚನ್ನಪಟ್ಟಣಕ್ಕೆ 2005-06ರಲ್ಲಿ, ಏಟಿಕೊಪ್ಪಾಕಕ್ಕೆ 2017ರಲ್ಲಿ ಮಾನ್ಯತೆ ದೊರೆಯಿತು. ಕಾಯಿದೆ ಊರಿನ ಹೆಸರನ್ನು ಕಾಯುತ್ತದೆ. ಹೆಸರಿನಿಂದ ಹೆಚ್ಚಿದ ಹಣ ಕಡೆದವನ ಕೈ ಸೇರುತ್ತದೆಂದು ಮಾತ್ರ ಅದು ಹೇಳುವುದಿಲ್ಲ.

ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಚೆಕ್ಕು ನೋಡಿದವನು ನಾನು. ರುಜು ಇಲ್ಲದ ಚೆಕ್ಕು ಬರೀ ಕಾಗದ. ರುಜು ಬಿದ್ದರೆ ಹಣ. ನಮ್ಮ ಬೊಂಬೆಗಳ ಅಡಿಯಲ್ಲಿ ಆ ರುಜು ಇನ್ನೂ ಬೀಳಬೇಕಾಗಿದೆ. ಮುಂದಿನ ಸಲ ಬೊಂಬೆ ಕೊಳ್ಳುವಾಗ ದರ ಕೇಳುವ ಮುನ್ನ, ಕಡೆದವರು ಯಾರೆಂದು ಕೇಳಿ. ಕೇಳುವವರು ಹೆಚ್ಚಿದರೆ ಮಾರುವವರೂ ಆ ಹೆಸರನ್ನು ಬರೆದಿಡಬೇಕಾದೀತು.