ಇಳಿಜಾರು ಇಟ್ಟಿಗೆಯ ಮುಖ ಯಾವ ಕಡೆಗೆ?

ಡೆನ್ಮಾರ್ಕಿನ ಲೆಗೊ ಕಂಪನಿಯ ಇಂದಿನ ಇಟ್ಟಿಗೆ ರೂಪುಗೊಂಡದ್ದು 1958ರಲ್ಲಿ. ಆಟಿಕೆ ಮನೆಗಳ ಛಾವಣಿಗೆಂದು ಇಳಿಜಾರು ಇಟ್ಟಿಗೆಗಳು ಬಂದದ್ದೂ ಆಗಲೇ. ಕೈಯಲ್ಲಿ ಹಿಡಿದವರಿಗೆ ಅದರ ಮುಖ ಎತ್ತಲೆಂಬ ಚಿಂತೆಯಿಲ್ಲ, ತಿರುಗಿಸಿ ಒತ್ತಿದರಾಯಿತು. ಆದರೆ ಕಂಪ್ಯೂಟರಿನಲ್ಲಿ ಲೆಗೊ ಮಾದರಿ ಕಟ್ಟುವಾಗ ಭಾಗಗಳ ಭಂಡಾರದಲ್ಲಿ ಪ್ರತಿ ಭಾಗಕ್ಕೂ ಒಂದು ನಿಶ್ಚಿತ ಭಂಗಿ ಬೇಕು.

ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಎಲ್‌ಡ್ರಾ ತಂತ್ರಾಂಶ ಬರೆದು ಅಂಥ ಭಂಗಿಗೆ ಲೆಕ್ಕ ಕೊಟ್ಟರು. ಇಟ್ಟಿಗೆಯ ಮೇಲಿನ ಉಬ್ಬುಗಳಾದ ಗುಬ್ಬಿಗಳ ನಡುವಿನ ಅಂತರಕ್ಕೆ (ಕೇಂದ್ರದಿಂದ ಕೇಂದ್ರಕ್ಕೆ) 20 ಮಾನ, ಇಟ್ಟಿಗೆಯ ಎತ್ತರಕ್ಕೆ 24, ತೆಳು ಪ್ಲೇಟಿಗೆ 8. ಒಂದು ಮಾನವೆಂದರೆ ಸುಮಾರು 0.4 ಮಿ.ಮೀ. ವೈ ಅಕ್ಷದ ಅಂಕಿ ಕೆಳಗಿಳಿದಂತೆ ಹೆಚ್ಚುತ್ತದೆ. ಇಟ್ಟಿಗೆಯ ಮೇಲ್ಮೈಯೇ ಸೊನ್ನೆ. 1997ರಲ್ಲಿ ಜೆಸ್ಸಿಮನ್ ತೀರಿಕೊಂಡ ಮೇಲೂ ಹವ್ಯಾಸಿಗಳು ಎಲ್‌ಡ್ರಾದ ಭಾಗಗಳ ಭಂಡಾರವನ್ನು ಬೆಳೆಸುತ್ತ ಬಂದರು.

ಆಯತಾಕಾರದ ಇಟ್ಟಿಗೆಗಳಿದ್ದಾಗ ತೊಡಕಿರಲಿಲ್ಲ. 2×4 ಇಟ್ಟಿಗೆಯನ್ನು 180 ಡಿಗ್ರಿ ತಿರುಗಿಸಿದರೂ ಅದೇ ಆಕಾರ. ಇಳಿಜಾರು ಹಾಗಲ್ಲ, ತಿರುಗಿಸಿದರೆ ಛಾವಣಿ ಒಳಮುಖವಾಗುತ್ತದೆ. 3039 ಸಂಖ್ಯೆಯ 45 ಡಿಗ್ರಿ ಇಟ್ಟಿಗೆಯನ್ನೇ ನೋಡಿ: ಮೂಲಬಿಂದು ಇಡೀ ತುಂಡಿನ ನಡುವೆ ಇಲ್ಲ, ಗುಬ್ಬಿಗಳ ಸಾಲಿನ ನಡುವೆ ಇದೆ. ಝಡ್ ಅಕ್ಷದಲ್ಲಿ ಹಿಂದಕ್ಕೆ 10, ಮುಂದಕ್ಕೆ 30 ಮಾನ; ಇಳಿಜಾರು ನೋಡುವವರ ಕಡೆಗೇ ಬಾಗಿದೆ.

ಹೆಸರಿನಲ್ಲೂ ದಿಕ್ಕು ಸೇರಿಕೊಂಡಿತು. ಸಾದಾ ಇಟ್ಟಿಗೆಗೆ ಚಿಕ್ಕ ಅಳತೆ ಮೊದಲು: 1×2. ಇಳಿಜಾರಿಗೆ ಇಳಿಯುವ ದಿಕ್ಕಿನ ಅಳತೆ ಮೊದಲು. ಹಾಗಾಗಿ 3040 ಎಂಬ ಭಾಗ 2×1. ಕೋನದಲ್ಲಿ ಮಾತ್ರ ಒಮ್ಮತವಿಲ್ಲ: 'ಚೀಸ್' ಎಂದು ಕರೆಯುವ ಚಿಕ್ಕ ತುಂಡು ಎಲ್‌ಡ್ರಾದಲ್ಲಿ 31 ಡಿಗ್ರಿ, ಲೆಗೊ ಭಾಗಗಳ ಮಾರಾಟ ತಾಣವಾದ ಬ್ರಿಕ್‌ಲಿಂಕ್ ಪಟ್ಟಿಯಲ್ಲಿ 30.

ಲೆಗೊ ಕಂಪನಿಯದೇ ಆದ ಡಿಜಿಟಲ್ ಡಿಸೈನರ್ ಬಂದಾಗ ಎರಡು ಸಂಪ್ರದಾಯಗಳು ಎದುರಾದವು. ಅಲ್ಲಿ ವೈ ಅಕ್ಷ ಮೇಲ್ಮುಖ, ಗುಬ್ಬಿಗಳ ನಡುವಿನ ಅಂತರ 0.8. ಎರಡರ ನಡುವೆ ವಿನ್ಯಾಸ ಸಾಗಿಸಲು ಯಾವ ಭಾಗವನ್ನು ಎಷ್ಟು ಸರಿಸಬೇಕು, ಯಾವ ಅಕ್ಷದ ಸುತ್ತ ಎಷ್ಟು ತಿರುಗಿಸಬೇಕು ಎಂಬ ಪಟ್ಟಿಯ ಕಡತ ಬೇಕಾಯಿತು. ಅದರಲ್ಲಿ ಒಂದು ಸಾಲು ತಪ್ಪಿದರೂ ಛಾವಣಿಯ ಒಂದು ತುಂಡು ಗೋಡೆಯೊಳಗೆ ಹೋಗಿ ಕೂರುತ್ತದೆ. 2022ರಲ್ಲಿ ಡಿಜಿಟಲ್ ಡಿಸೈನರ್‌ಗೆ ತೆರೆ ಬಿತ್ತು.

ಇನ್ನು ಮೂಲೆ ತುಂಡುಗಳಿಗೆ ಎರಡೆರಡು ಇಳಿಜಾರು. ಬೆಣೆಯಾಕಾರದ 41747 ಬಲಕ್ಕೆ, 41748 ಎಡಕ್ಕೆ. 'ಇಳಿಜಾರು ಮುಂದಕ್ಕೆ' ಎಂಬ ಒಂದೇ ನಿಯಮ ಇವಕ್ಕೆಲ್ಲ ಸಾಲದು. ಹಾಗೆಂದು ಹಳೆಯದನ್ನು ತಿದ್ದುವುದೂ ಸಲೀಸಲ್ಲ. ಪ್ರತಿ ಮಾದರಿಯ ಕಡತದಲ್ಲೂ ಭಾಗದ ಸ್ಥಾನಕ್ಕೆ ಮೂರು, ತಿರುವಿಗೆ ಒಂಬತ್ತು ಅಂಕಿಗಳಿವೆ. ಭಂಡಾರದಲ್ಲಿ ಭಾಗ ತಿರುಗಿದರೆ ಅದನ್ನು ಬಳಸಿದ ಮಾದರಿಗಳೆಲ್ಲ ಕೆಡುತ್ತವೆ. ಅದಕ್ಕೇ ಈ ಕ್ಷೇತ್ರದಲ್ಲಿ ಚೆಂದದ ದಿಕ್ಕಿಗಿಂತ ಬದಲಾಗದ ದಿಕ್ಕಿಗೆ ಬೆಲೆ ಹೆಚ್ಚು. ಹೊಸ ಭಾಗದ ಬಗ್ಗೆ ವಾದ ಮಾಡುವುದಿದ್ದರೆ ಭಂಡಾರಕ್ಕೆ ಸೇರಿಸುವ ಮುನ್ನವೇ ಮಾಡಿ ಮುಗಿಸಬೇಕು.